ಚಿತ್ರ ಬಿಡಿಸಿದ ವರ್ಷ

ಮೈದಾ ಹಿಟ್ಟಿಗೆ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಬರುವ ವಾಸನೆ ಎಲ್ಲರಿಗೂ ಗೊತ್ತಿರುವುದಿಲ್ಲ. ಪುಸ್ತಕ ಬೈಂಡ್ ಮಾಡುವ ಅಂಗಡಿಯ ಪಕ್ಕದಲ್ಲಿ ಹಾದುಹೋದವರಿಗೆ ಗೊತ್ತು. ಹುಳಿ ಬಂದ ದೋಸೆ ಹಿಟ್ಟಿಗೂ ಅದಕ್ಕೂ ದೂರದ ನೆಂಟಸ್ತಿಕೆ. ಕಳೆದ ವಾರ ಕೋಟೆ ಏರಿಯಾದಲ್ಲಿ ಒಬ್ಬ ಟೈಲರಿಗೆ ಲೈನಿಂಗ್ ಬಟ್ಟೆ ಕೊಟ್ಟು ವಾಪಸು ಬರುತ್ತಿದ್ದೆ. ಬೈಂಡಿಂಗ್ ಅಂಗಡಿ ಇರುವ ಆ ಓಣಿಯನ್ನು ಮೂರು ವರ್ಷದಿಂದ ತುಳಿದಿರಲಿಲ್ಲ, ದೇವಸ್ಥಾನದ ಕಡೆಯಿಂದ ಸುತ್ತು ಹಾಕಿಕೊಂಡೇ ಓಡಾಡುತ್ತಿದ್ದೆ. ಅವತ್ತು ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಹಾಳಾಗಿ ಹೋಗಲಿ ಅಂತ ಓಣಿಗೇ ತಿರುಗಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುಬೀದಿಯಲ್ಲಿ ನಿಂತು ಹಲ್ಲು ಕಡಿದೆ. ಐವತ್ತೆರಡು ವರ್ಷದ ಹೆಂಗಸು, ಗಾಂಧಿ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡು ನಾಲ್ಕು ಜನರ ಹತ್ತಿರ ಅಕ್ಕ ಅನ್ನಿಸಿಕೊಂಡವಳು, ಗೋಂದಿನ ವಾಸನೆಗೆ ಹಲ್ಲು ಕಡಿಯುತ್ತಾ ನಿಂತಿದ್ದೆ.

"ಮೇಡಂ, ಒಂದ್ನಿಮಿಷ ನಿಂತ್ಕೊಳ್ಳಿ. ಹೋಗ್ಬೇಡಿ" ಎಂದು ಒಳಗಿನಿಂದ ಕೂಗು ಬಂತು. ಬೈಂಡರ್ ಪರಮೇಶಿ. ಅವನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಆದರೂ ನಿಂತೆ. ಯಾಕೆ ನಿಂತೆ ಅನ್ನುವುದನ್ನು ಹೇಳಬೇಕಾದರೆ ಆ ವರ್ಷದ ಕಥೆ ಹೇಳಬೇಕು.

ನಮ್ಮ ಕಾಲದ ಮಕ್ಕಳಿಗೆ ತುಂಗತ್ತೆ ಯಾರು ಅಂತ ಹೇಳಬೇಕಾಗಿರಲಿಲ್ಲ. ಅದು ಅವರು ಬರೆಯಲು ಇಟ್ಟುಕೊಂಡ ಹೆಸರು. ಭದ್ರಾವತಿಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದ ಹೆಂಗಸು ಎನ್ನುವುದು ಬಿಟ್ಟರೆ ನಮಗೆ ಬೇರೇನೂ ಗೊತ್ತಿರಲಿಲ್ಲ. ಮೂವತ್ತಾರು ಪುಸ್ತಕ ಬರೆದರು. ಒಂದೊಂದೂ ಮೂವತ್ತೆರಡೇ ಪುಟ, ಎರಡು ಪಿನ್ನು, ಒರಟು ಕಾಗದ. 'ಹಿಟ್ಟಿನ ಗಿರಣಿಯ ಬೆಕ್ಕು', 'ಮೂರೂಕಾಲು ಮೊಲ', 'ಸೈರನ್ ನುಂಗಿದ ಕೋಣ'. ದಿನಸಿ ಅಂಗಡಿಯಲ್ಲಿ ಬೆಂಕಿಪೊಟ್ಟಣದ ಪಕ್ಕ ದಾರಕ್ಕೆ ಸಿಕ್ಕಿಸಿ ನೇತುಹಾಕಿರುತ್ತಿದ್ದರು. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ, ಅದರ ಮೇಲೆ ಒಂದೇ ಸಾಲು: 'ನಾನು ಬರೆದದ್ದು ಮುಗಿಯಿತು, ಇನ್ನು ನೀನು ಚಿತ್ರ ಬಿಡಿಸು.'

ಹಾಗಾಗಿ ಪುಸ್ತಕ ಓದಿದ ಪ್ರತಿ ಮಗುವೂ ಅಲ್ಲಿ ಏನಾದರೂ ಬಿಡಿಸುತ್ತಿತ್ತು. ಬಿಡಿಸಿ ಕೆಳಗೆ ಹೆಸರು ಬರೆಯುತ್ತಿತ್ತು. ನಾನು ದೊಡ್ಡವಳಾಗಿ, ಮದುವೆಯಾಗಿ, ಒಂದು ದಿನ ಗಾಂಧಿ ಬಜಾರಿನ ರದ್ದಿ ಅಂಗಡಿಯಲ್ಲಿ ಹಳೆಯ 'ಮೂರೂಕಾಲು ಮೊಲ' ಸಿಕ್ಕಿ, ಕೊನೆಯ ಪುಟ ತೆರೆದರೆ ನನ್ನದೇ ಕುಂಬಳಕಾಯಿಯಂಥ ಮೊಲ, ಕೆಳಗೆ 'ಶೈಲಜಾ, ಮೂರನೇ ತರಗತಿ'. ಯಾವತ್ತೋ ಅಮ್ಮ ತೂಕಕ್ಕೆ ಹಾಕಿದ್ದ ಪುಸ್ತಕ ಊರೆಲ್ಲಾ ಸುತ್ತಿ ನನ್ನ ಕೈಗೇ ಬಂದಿತ್ತು. ಅಲ್ಲಿಂದ ಹುಚ್ಚು ಹಿಡಿಯಿತು. ಇಪ್ಪತ್ತು ವರ್ಷ ಹುಡುಕಿದೆ. ಬೇರೆಯವರು ಹೊಸದಾಗಿರುವ, ಗೀಚಿಲ್ಲದ ಪ್ರತಿ ಕೇಳುತ್ತಾರೆ. ನಾನು ಮೊದಲು ಕೊನೆಯ ಪುಟ ತೆರೆಯುತ್ತಿದ್ದೆ. ಯಾರೋ ಸುಮಾ ಎಂಬುವಳು ಬಿಡಿಸಿದ ಹಸಿರು ಗಿಳಿ, ಯಾರೋ ನಾಗರಾಜನ ಒಂಟಿ ಚಕ್ರದ ಬಸ್ಸು. ಆ ಮಕ್ಕಳೆಲ್ಲ ಈಗ ಎಲ್ಲಿದ್ದಾರೋ, ಬೊಜ್ಜು ಬಂದು ಬಿ.ಪಿ. ಮಾತ್ರೆ ನುಂಗುತ್ತಿರಬೇಕು. ನನ್ನ ಗಂಡ ರುದ್ರೇಶ್, "ಮಾರಾಯ್ತಿ, ಬೇರೆಯವರ ಮಕ್ಕಳ ಗೀಚಾಟಕ್ಕೆ ಬೀರು ಕೊಟ್ಟು ನಮ್ಮ ಬಟ್ಟೆ ಮಂಚದ ಕೆಳಗೆ ಇಟ್ಟಿದ್ದೀಯಲ್ಲ" ಎನ್ನುತ್ತಿದ್ದರು. ಇಟ್ಟಿದ್ದು ನಿಜ.

ಏಳುಮಲೈ ಎಂಬುವರು ಸಿಕ್ಕಿದ್ದೂ ಅದೇ ರದ್ದಿ ಅಂಗಡಿಯಲ್ಲಿ. 'ಹಿಟ್ಟಿನ ಗಿರಣಿಯ ಬೆಕ್ಕು' ರಾಶಿಯಲ್ಲಿ ಕಂಡು ನಾನು ಕೈ ಹಾಕಿದೆ, ಆ ಕಡೆಯಿಂದ ಇನ್ನೊಂದು ಕೈ ಅದರ ಇನ್ನೊಂದು ತುದಿ ಹಿಡಿದಿತ್ತು. ಬಿಳಿ ಅಂಗಿ, ಬೆರಳಿನ ತುದಿಗಳೆಲ್ಲ ಗಟ್ಟಿಯಾಗಿದ್ದ ಮುದುಕರು. ನಾನು ಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, "ಪರವಾ ಇಲ್ಲಮ್ಮಾ, ನೀವೇ ಇಟ್ಕೊಳ್ಳಿ" ಎಂದು ಕೈ ತೆಗೆದರು. ನನಗೆ ನಾಚಿಕೆಯಾಗಿ ಟೀ ಕುಡಿಸಿದೆ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದಲ್ಲಿದ್ದು ರಿಟೈರಾದವರು. ತುಂಗತ್ತೆಯ ಪುಸ್ತಕಗಳೆಲ್ಲ ಅಚ್ಚಾದದ್ದು ಅವರ ಕಾರ್ಖಾನೆಯ ಕಾಗದದ ಮೇಲೆ. ಪುಟವನ್ನು ಹೆಬ್ಬೆರಳಲ್ಲಿ ಉಜ್ಜಿ, "ಇದು ಬಿದಿರು ಜಾಸ್ತಿ ಬಂದ ವರ್ಷದ್ದು. ಇದು ನೀಲಗಿರಿ" ಎಂದು ಹೇಳಿಬಿಡುತ್ತಿದ್ದರು. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಒಂದು ಸಲವೂ ತಪ್ಪಲಿಲ್ಲ.

ಆ ವರ್ಷ, ಅಂದರೆ ಮೂರು ವರ್ಷದ ಹಿಂದೆ ಯುಗಾದಿ ಕಳೆದ ವಾರ, ತುಂಗತ್ತೆಗೆ ನೂರು ವರ್ಷ ತುಂಬುತ್ತದೆ ಎಂದು ಊರಿಗೆ ನೆನಪಾಯಿತು. ಬದುಕಿದ್ದಾಗ ಅವರ ಮನೆ ಬಾಗಿಲು ತಟ್ಟಿದವರು ಯಾರೂ ಇರಲಿಲ್ಲ. ಸತ್ತ ಮೇಲೆ ಶತಮಾನೋತ್ಸವ ಸಮಿತಿ. ಅದಕ್ಕೊಬ್ಬರು ಅಧ್ಯಕ್ಷರು. ಹೆಸರು ಹೇಳಿ ಅವರಿಗೆ ಇನ್ನೊಂದು ಸಲ ಪ್ರಚಾರ ಕೊಡುವುದಿಲ್ಲ, ಅಧ್ಯಕ್ಷರು ಎಂದೇ ಕರೆಯುತ್ತೇನೆ, ಅವರಿಗೂ ಅದೇ ಇಷ್ಟ. ಅವರು ನನ್ನ ಅಂಗಡಿಗೆ ಬಂದು, ಬ್ಲೌಸ್ ಪೀಸ್ ಹುಡುಕುತ್ತಿದ್ದ ಗಿರಾಕಿಗಳ ಮಧ್ಯೆ ನಿಂತು, ಮೂವತ್ತಾರೂ ಪುಸ್ತಕವನ್ನು ಸೇರಿಸಿ ಒಂದೇ ಸಮಗ್ರ ಸಂಪುಟ ತರುವುದಾಗಿ ಭಾಷಣ ಮಾಡಿದರು.

"ಲೈಬ್ರರಿಗಳಲ್ಲಿ ಒಂದು ಪ್ರತಿಯೂ ಇಲ್ಲ ಕಣಮ್ಮ. ಹರಿದು ಹೋಗಿವೆ ಅಂತ ತೆಗೆದುಬಿಟ್ಟಿದ್ದಾರೆ. ನಿಮ್ಮಲ್ಲಿ ಇವೆಯಂತೆ. ಒಂದು ತಿಂಗಳು ಕೊಡಿ, ಹೂವಿನ ಹಾಗೆ ವಾಪಸ್ ಕೊಡ್ತೀವಿ."

"ನೀವು ಯಾವುದು ಓದಿದ್ದೀರಿ ಸಾರ್?" ಎಂದು ಕೇಳಿದೆ.

"ಎಲ್ಲಾ ಓದಿದ್ದೇ. ಆ... ಮೊಲದ್ದು" ಎಂದರು.

ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೊಸ ಮಕ್ಕಳ ಕೈಗೆ ಮತ್ತೆ ಪುಸ್ತಕ ಸಿಗುತ್ತದಲ್ಲ ಎನ್ನುವ ಆಸೆ. ನನ್ನಲ್ಲಿ ಮೂವತ್ತನಾಲ್ಕು ಇದ್ದವು. ಉಳಿದ ಎರಡು ಇದ್ದದ್ದು ಏಳುಮಲೈ ಹತ್ತಿರ ಮಾತ್ರ, ಅದರಲ್ಲೊಂದು 'ಸೈರನ್ ನುಂಗಿದ ಕೋಣ'. ಏಳುಮಲೈ ಪುಸ್ತಕವನ್ನು ಹೊಸಿಲು ದಾಟಿಸುವವರಲ್ಲ. "ಬೇಕಾದ್ರೆ ಇಲ್ಲೇ ಕೂತು ಓದಿ ಅಮ್ಮಾ, ಊಟಾನೂ ಇಲ್ಲೇ ಮಾಡಿ" ಎನ್ನುವವರು. ಮೇ ತಿಂಗಳ ಉರಿಬಿಸಿಲಿನಲ್ಲಿ ನಾನು ಮೂರು ಸಲ ಭದ್ರಾವತಿಗೆ ಬಸ್ಸು ಹತ್ತಿ ಹೋಗಿ ಅವರ ಬೆನ್ನು ಬಿದ್ದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದಿನ ಬೀದಿ, ಶೀಟಿನ ಮನೆ, ಫ್ಯಾನು ತಿರುಗಿದರೂ ಬಿಸಿಗಾಳಿ. ಮೂರನೇ ಸಲ ಅವರು ಹೇಳಿದರು, ಯಾಕೆ ಕೊಡುವುದಿಲ್ಲ ಅಂತ.

ಅವರ ಹೆಂಡತಿ ಚೆಲ್ಲಮ್ಮ. ಮದುವೆಯಾಗಿ ತಮಿಳು ಊರಿನಿಂದ ಬಂದಾಗ ಓದು ಬರಹ ಯಾವ ಭಾಷೆಯಲ್ಲೂ ಇರಲಿಲ್ಲ. ನಲವತ್ತು ದಾಟಿದ ಮೇಲೆ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆಯೆಂದು, ಗಂಡ ಕೂಡಿಟ್ಟಿದ್ದ ತುಂಗತ್ತೆಯ ಪುಸ್ತಕಗಳಿಂದಲೇ ಅಕ್ಷರ ಕಲಿತರು. ಮೊದಲು ಪೂರ್ತಿ ಓದಿ ಮುಗಿಸಿದ್ದು 'ಸೈರನ್ ನುಂಗಿದ ಕೋಣ'. ಕಾರ್ಖಾನೆಯ ಸೈರನ್ನನ್ನು ಕೋಣವೊಂದು ನುಂಗಿಬಿಡುತ್ತದೆ, ಅದು ತೇಗಿದಾಗಲೆಲ್ಲ ಊರಿನವರು ಶಿಫ್ಟ್ ಬದಲಾಯಿತೆಂದು ಓಡುತ್ತಾರೆ, ಅದು ಕಥೆ. ಓದಿ ಮುಗಿಸಿ, ಕೊನೆಯ ಚೌಕದಲ್ಲಿ ಚಿತ್ರ ಬಿಡಿಸು ಅಂತ ಬರೆದಿದೆಯಲ್ಲ, ಪಕ್ಕದ ಮನೆಯ ಮಗುವಿನ ಕ್ರೇಯಾನ್ ಇಸಿದುಕೊಂಡು ಬಿಡಿಸಿದರು. ಕೆಳಗೆ ಪೆನ್ನಿನಲ್ಲಿ ತಮ್ಮ ಹೆಸರು ಬರೆದರು. ಬಾಳಿನಲ್ಲಿ ಮೊದಲ ಸಲ. ಅದಾಗಿ ಹತ್ತು ವರ್ಷಕ್ಕೆ ತೀರಿಕೊಂಡರು.

"ಅವಳ ಫೋಟೋ ಒಂದೇ ಇರೋದು, ವೋಟರ್ ಕಾರ್ಡದ್ದು. ಅದ್ರಲ್ಲಿ ಅವಳ ಥರಾನೇ ಇಲ್ಲ. ಇದ್ರಲ್ಲಿ ಇದ್ದಾಳೆ" ಎಂದರು ಏಳುಮಲೈ.

ತೋರಿಸಿ ಎಂದೆ. ಸಂಕೋಚಪಟ್ಟರು. ನಾನೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದು ಪುಸ್ತಕ ಕೊಡಿ ಎಂದು ಮಾತ್ರ. "ಏಳುಮಲೈ, ನನ್ನ ಮೇಲೆ ನಂಬಿಕೆ ಇಡಿ. ಒಂದು ಗೀರು ಬಿದ್ರೆ ನನ್ನ ಕೇಳಿ" ಎಂದೆ. ಕೊನೆಗೆ ಎರಡೂ ಪುಸ್ತಕವನ್ನು ಚೆಲ್ಲಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ, ಎರಡು ಕೈಯಲ್ಲಿ ಕೊಟ್ಟರು. ನಾನು ಆ ಗಂಟು ಬಿಚ್ಚದೆ ನೇರವಾಗಿ ಅಧ್ಯಕ್ಷರ ಮನೆಗೆ ಒಯ್ದು ಕೊಟ್ಟೆ. ಬಿಚ್ಚಿ ನೋಡದೆ ಇದ್ದದ್ದನ್ನು ಆಗ ದೊಡ್ಡತನ ಅಂದುಕೊಂಡಿದ್ದೆ.

ಜೂನ್ ಬಂತು. ಮಳೆ ಹಿಡಿದು ಗಾಂಧಿ ಬಜಾರಿನ ಚರಂಡಿ ಅಂಗಡಿಯ ಮೆಟ್ಟಿಲವರೆಗೆ ಬಂತು. ಒಂದು ತಿಂಗಳು ಹೋಗಿ ಎರಡಾಯಿತು. ಫೋನು ಮಾಡಿದರೆ "ಕೆಲಸ ನಡೀತಿದೆಯಮ್ಮ." ಜುಲೈ ಕೊನೆಗೆ ಅಧ್ಯಕ್ಷರ ಡ್ರೈವರ್ ಬಂದು ಒಂದು ಗೊಬ್ಬರದ ಚೀಲ ಅಂಗಡಿಯ ಕೌಂಟರಿನ ಮೇಲಿಟ್ಟು ಹೋದ. ಹೂವಿನ ಹಾಗೆ ವಾಪಸು ಕೊಡುತ್ತೇನೆ ಅಂದವರು ಗೊಬ್ಬರದ ಚೀಲದಲ್ಲಿ ಕಳಿಸಿದ್ದರು.

ಮೊದಲು ಕೈಗೆ ಬಂದದ್ದು 'ಮೂರೂಕಾಲು ಮೊಲ'. ತೆರೆದೆ. ಪುಟದಲ್ಲಿ ಕಿಟಕಿ. ಚಿತ್ರವಿದ್ದ ಜಾಗದಲ್ಲೆಲ್ಲ ಬ್ಲೇಡಿನಿಂದ ಚೌಕಾಕಾರವಾಗಿ ಕತ್ತರಿಸಿ ತೆಗೆದಿದ್ದರು. ಒಂದು ಪುಟದ ಚಿತ್ರ ಹೋದರೆ ಹಿಂದಿನ ಪುಟದ ಕಥೆಯೂ ಹೋಗುತ್ತದಲ್ಲ, ವಾಕ್ಯಗಳು ಅರ್ಧಕ್ಕೇ ನಿಂತಿದ್ದವು. ಇನ್ನೊಂದು ತೆರೆದೆ, ಕಿಟಕಿ. ಇನ್ನೊಂದು, ಕಿಟಕಿ. ಮೂವತ್ತಾರೂ. ಅಚ್ಚಿನ ಚಿತ್ರಗಳ ತುಂಡುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಕಳಿಸಿದ್ದರು, ಯಾವುದು ಯಾವುದರದ್ದು ಎಂದು ಗುರುತಿಲ್ಲದೆ. ಕೊನೆಯ ಪುಟದ ಚೌಕಗಳಲ್ಲಿ ಮಕ್ಕಳು ಬಿಡಿಸಿದ್ದ ಚಿತ್ರಗಳು ಆ ಕವರಿನಲ್ಲೂ ಇರಲಿಲ್ಲ.

ಚೀಲದ ತಳದಲ್ಲಿ ಚೀಟಿಯೊಂದು ಸಿಕ್ಕಿತು. ಅಧ್ಯಕ್ಷರ ದುಂಡನೆಯ ಅಕ್ಷರ: 'ಚಿತ್ರಗಳನ್ನೆಲ್ಲ ಬಿಡಿಸಿ.'

ಆದದ್ದು ಇಷ್ಟು. ಹಳೆಯ ಚಿತ್ರಗಳು ಮಸುಕಾಗಿವೆ, ಡ್ರಾಯಿಂಗ್ ಮೇಷ್ಟರೊಬ್ಬರಿಂದ ಹೊಸದಾಗಿ ಬರೆಸಬೇಕು ಎಂದು ಅಧ್ಯಕ್ಷರು ಚೀಟಿ ಬರೆದು ಕಟ್ಟಿನ ಮೇಲಿಟ್ಟರು. ಡ್ರೈವರ್ ಕಟ್ಟನ್ನು ಮೇಷ್ಟರಿಗೆ ಕೊಡದೆ, ಹರಿದ ಹಾಳೆ ಅಂಟಿಸಲೆಂದು ಮೊದಲು ಕೋಟೆಯ ಬೈಂಡಿಂಗ್ ಅಂಗಡಿಗೆ ಕೊಟ್ಟ. ಬೈಂಡಿಂಗ್ ಅಂಗಡಿಯಲ್ಲಿ ಬಿಡಿಸುವುದು ಅಂದರೆ ಒಂದೇ ಅರ್ಥ. ಹೊಲಿಗೆ ಬಿಡಿಸುತ್ತಾರೆ, ರಟ್ಟು ಬಿಡಿಸುತ್ತಾರೆ, ಹಾಳೆ ಬಿಡಿಸುತ್ತಾರೆ.

ನಾನು ಮಳೆಯಲ್ಲಿ ನೆನೆದುಕೊಂಡೇ ಕೋಟೆಗೆ ಹೋಗಿ ಪರಮೇಶಿಯ ಎದುರು ಆ ಚೀಲ ಸುರಿದೆ. ಪಾಪ, ಅವನ ಮುಖ ಬಿಳಿಚಿಕೊಂಡಿತು.

"ನಂಗೂ ಅನುಮಾನ ಬಂತು ಮೇಡಂ. ಫೋನ್ ಮಾಡಿ ಕೇಳ್ದೆ. ಚಿತ್ರ ಎಲ್ಲಾ ಬಿಡಿಸ್ಬೇಕಾ ಸಾರ್ ಅಂದೆ. ಚೀಟೀಲಿ ಬರ್ದಿದ್ದೀನಲ್ಲಯ್ಯ, ಎಲ್ಲಾ ಬಿಡಿಸಿ, ಒಂದೂ ಬಿಡಬೇಡಿ ಅಂದ್ರು. ಮೂರು ದಿನ ಕೂತು ನಾನೇ ಕುಯ್ದೆ. ಒಂದೂ ಹರೀದಂಗೆ ಕುಯ್ದಿದ್ದೀನಿ ಮೇಡಂ, ನೋಡಿ ಬೇಕಾದ್ರೆ."

ಅದೊಂದು ನೀಟಾದ ಕೆಲಸ ಎನ್ನುವುದನ್ನು ನಾನೂ ಒಪ್ಪಲೇಬೇಕು. ಕೊನೆಯ ಪುಟದ ಚಿತ್ರಗಳು ಎಲ್ಲಿ ಎಂದು ಕೇಳಿದೆ. "ಅಧ್ಯಕ್ಷರು ಬಂದು ಆರಿಸಿದ್ರು. ಇವೆಲ್ಲ ಮಕ್ಕಳ ಗೀಚು, ರದ್ದಿಗೆ ಹಾಕು ಅಂದ್ರು. ರದ್ದಿಗೆ ಹೋಯ್ತು ಮೇಡಂ" ಎಂದ. ಊರಿನ ರದ್ದಿ ಅಂಗಡಿಗಳನ್ನೆಲ್ಲ ನಾಲ್ಕು ದಿನ ಜಾಲಾಡಿದೆ. ಏನೂ ಸಿಗಲಿಲ್ಲ.

ಅಧ್ಯಕ್ಷರ ಮನೆಗೆ ಹೋದಾಗ ಅವರು ಕಾಫಿ ಕುಡಿಯುತ್ತಿದ್ದರು. ನನಗೂ ತರಿಸಿದರು, ಮುಟ್ಟಲಿಲ್ಲ. ಚೀಟಿ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ತಮ್ಮದೇ ಬರಹವನ್ನು ಎರಡು ಸಲ ಓದಿದರು.

"ಪದಪ್ರಯೋಗ ಸರಿಯಾಗೇ ಇದೆಯಲ್ಲಮ್ಮ. ಚಿತ್ರ ಬಿಡಿಸು ಅಂದ್ರೆ ಬರೆ ಅಂತ. ಚಿಕ್ಕ ಮಕ್ಕಳಿಗೂ ಗೊತ್ತು. ಅವನಿಗೆ ಕನ್ನಡ ಬರದಿದ್ದರೆ ನಾನೇನು ಮಾಡಲಿ?"

"ಅವನು ಫೋನ್ ಮಾಡಿ ಕೇಳಿದ್ದನಲ್ಲ ಸಾರ್."

"ಕಥೆಗಳೆಲ್ಲ ಟೈಪ್ ಆಗಿವೆ, ಒಂದಕ್ಷರ ಹೋಗಿಲ್ಲ. ಸಾಹಿತ್ಯ ಉಳೀತಲ್ಲ, ಅದು ಮುಖ್ಯ. ಆ ಗೀಚಾಟಕ್ಕೆ ಇಷ್ಟೊಂದು ರಂಪ ಯಾಕೆ?"

ಸಾಹಿತ್ಯ ಉಳಿಯಿತಂತೆ. ಮಗುವಿಗೆ ಅಂತ ಬಿಟ್ಟ ಜಾಗವನ್ನು ಕುಯ್ದು ರದ್ದಿಗೆ ಹಾಕಿದ ಮೇಲೆ ಆ ಹೆಂಗಸು ಬರೆದದ್ದರಲ್ಲಿ ಇವರಿಗೆ ಉಳಿದದ್ದಾದರೂ ಏನು? ನಾನು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿದರೆ ನಾನು ಹೇಳಿದ್ದು ಅವರಿಗೆ ಹಿತವಾಗೇ ಇದ್ದ ಹಾಗಿತ್ತು.

ಏಳುಮಲೈಗೆ ಹೇಳಲು ಹೋಗುವುದು ಎಲ್ಲಕ್ಕಿಂತ ಕಷ್ಟವಾಯಿತು. ಭದ್ರಾವತಿಯ ಬಸ್ಸಿನಲ್ಲಿ ಕೂತು, ಎರಡು ಸ್ಟಾಪು ಮುಂಚೆಯೇ ಇಳಿದು, ಜಿಟಿಜಿಟಿ ಮಳೆಯಲ್ಲಿ ನಡೆದೆ. ಅವರ ಎರಡೂ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದಿದ್ದೆ. ಅವರು ಗಂಟು ಬಿಚ್ಚಿ 'ಸೈರನ್ ನುಂಗಿದ ಕೋಣ'ದ ಕೊನೆಯ ಪುಟ ತೆರೆದರು. ಚೌಕವಿದ್ದಲ್ಲಿ ಕಿಟಕಿ, ಅದರೊಳಗಿಂದ ಹಿಂದಿನ ಹೊದಿಕೆ ಕಾಣುತ್ತಿತ್ತು. ಕಿಟಕಿಯ ಕೆಳಗೆ ನೀಲಿ ಪೆನ್ನಿನಲ್ಲಿ ಒತ್ತಿ ಬರೆದ ಹೆಸರು ಮಾತ್ರ ಉಳಿದಿತ್ತು. ನಾನು ಆ ಹೆಸರನ್ನು ಗಮನವಿಟ್ಟು ನೋಡಿದ್ದು ಅವತ್ತೇ ಮೊದಲು. ಚೆಲ್ಲಮ್ಮ ಎಂದು ಬರೆದು, ಕೊನೆಯ ಅಕ್ಷರದ ಪಕ್ಕದಲ್ಲಿ ಕಪ್ಪಗೆ ಒಂದು ಸುರುಳಿ. ಉಕಾರದ ಕೊಂಬಿನ ಹಾಗೆ. ಓದಿದರೆ ಚೆಲ್ಲಮ್ಮು ಎಂದಾಗುತ್ತಿತ್ತು.

ಏನಾದರೂ ಹೇಳಬೇಕೆಂದು ನಾನು, "ಹೆಸರು ಉಳಿದಿದೆ ನೋಡಿ. ಪಾಪ, ಹೊಸದಾಗಿ ಕಲಿತದ್ದಲ್ವಾ, ಒಂದು ಕೊಂಬು ಜಾಸ್ತಿ ಹಾಕಿದ್ದಾರೆ" ಎಂದೆ. ನಗುವ ಪ್ರಯತ್ನವನ್ನೂ ಮಾಡಿದೆ.

ಏಳುಮಲೈ ನನ್ನ ಮುಖ ನೋಡಿದರು. ಪುಸ್ತಕ ಮುಚ್ಚಿದರು. "ಪರವಾ ಇಲ್ಲಮ್ಮಾ" ಎಂದರು.

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ. ಕಾಫಿ ಮಾಡಿ ಕೊಟ್ಟರು. ಅವರ ಸಿಟ್ಟನ್ನೂ ನಾನೇ ಹೊತ್ತುಕೊಂಡು ವಾಪಸು ಬಂದೆ. ಮನೆಯಲ್ಲಿ ಪಾತ್ರೆಗಳ ಮೇಲೆ ತೀರಿಸಿದೆ. "ಮಾರಾಯ್ತಿ, ಇಷ್ಟು ಸಿಟ್ಟು ಒಲೆಗೆ ಹಾಕಿದ್ರೆ ಎರಡು ಸಿಲಿಂಡರ್ ಉಳೀತಿತ್ತು" ಎಂದರು ರುದ್ರೇಶ್. ಮೂರು ದಿನ ಅವರ ಜೊತೆಯೂ ಮಾತಾಡಲಿಲ್ಲ.

ನವೆಂಬರಿನಲ್ಲಿ ಸಂಪುಟ ಬಿಡುಗಡೆ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಬಿಸಿಲಿನಲ್ಲಿ ಕೂರಿಸಿದ್ದರು. ಹತ್ತು ಜನ ಭಾಷಣ ಮಾಡಿದರು, ಒಬ್ಬರೂ ಮಕ್ಕಳ ಕಡೆ ತಿರುಗಿ ಮಾತಾಡಲಿಲ್ಲ. ಪುಸ್ತಕ ವೇದಿಕೆಯ ಮೇಲಿದ್ದವರಿಗೆ ಕೊಟ್ಟರು, ಮಕ್ಕಳಿಗೆ ಬಿಸ್ಕತ್ತು ಕೊಟ್ಟರು. ಮಗುವಿನ ತೊಡೆಯ ಮೇಲಿಟ್ಟರೆ ಮಗುವೇ ಮರೆಯಾಗುವಷ್ಟು ದಪ್ಪ ಪುಸ್ತಕ. ಪುಟ ಉಳಿಸಲು ಕೊನೆಯ ಖಾಲಿ ಚೌಕಗಳನ್ನೂ ಆ ಒಂದು ಸಾಲನ್ನೂ ಕೈಬಿಟ್ಟಿದ್ದರು. ಆಕರ ಕೃತಿ ಒದಗಿಸಿದ ಮಹನೀಯರ ಪಟ್ಟಿಯಲ್ಲಿ ನಾನು 'ಶ್ರೀ ಶೈಲೇಶ್' ಆಗಿದ್ದೆ. ಏಳುಮಲೈ ಇರಲೇ ಇಲ್ಲ.

ಆದರೆ ಅವರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊನೆಯ ಸಾಲಿನ ಕುರ್ಚಿ. ನನಗೆ ಕೊಟ್ಟಿದ್ದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಪುಟ ಉಜ್ಜಿ, "ನಮ್ದಲ್ಲ. ಹೊರಗಿನ ಕಾಗದ" ಎಂದರು. ತುಂಗತ್ತೆಯ ಹೆಸರು ಬಂದಾಗಲೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ.

ಮನೆಗೆ ಬಂದವಳೇ ಆ ಪುಸ್ತಕವನ್ನು ಬೀಸಿ ಒಗೆದೆ. ಅದು ಹೋಗಿ ಬಿದ್ದದ್ದು ಬಚ್ಚಲಿನ ಬಕೆಟ್ಟಿನಲ್ಲಿ. ಲೈನಿಂಗ್ ಬಟ್ಟೆ ಹೊಲಿಗೆಗೆ ಮುಂಚೆ ನೀರಿನಲ್ಲಿ ನೆನೆಹಾಕುತ್ತೇವಲ್ಲ, ಹಾಗೆ ಹಾಕಿಟ್ಟಿದ್ದ ಬಕೆಟ್ಟು. ಇರಲಿ ಅಲ್ಲೇ ಎಂದು ಬಿಟ್ಟೆ. ಬೆಳಿಗ್ಗೆ ಬಟ್ಟೆ ಹಿಂಡಲು ಹೋದರೆ ಪುಸ್ತಕದ ರಟ್ಟು ಊದಿಕೊಂಡು ಪದರ ಪದರವಾಗಿ ಬಾಯಿ ಬಿಟ್ಟಿತ್ತು. ಒಂದು ಪದರದ ಸಂದಿಯಲ್ಲಿ ಹಸಿರು ಬಣ್ಣ. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಗಿಳಿ. ಸುಮಾ ಬಿಡಿಸಿದ ಹಸಿರು ಗಿಳಿ.

ಸಂಪುಟ ಬೈಂಡ್ ಆದದ್ದೂ ಪರಮೇಶಿಯ ಅಂಗಡಿಯಲ್ಲೇ. ಅಲ್ಲಿ ರಟ್ಟು ಕೊಳ್ಳುವುದಿಲ್ಲ. ಚೂರುಪಾರು ಕಾಗದವನ್ನೆಲ್ಲ ಮೈದಾ ಅಂಟಿನಲ್ಲಿ ಪದರವಾಗಿ ಅಂಟಿಸಿ ಒಣಗಿಸಿ ಅವನೇ ಮಾಡಿಕೊಳ್ಳುತ್ತಾನೆ. ಮಕ್ಕಳ ಚಿತ್ರಗಳೆಲ್ಲ ಅವರ ಸಂಪುಟದ ರಟ್ಟಿನೊಳಗೇ ಇದ್ದವು. ಓಡಿಹೋಗಿ ಕೇಳಿದರೆ, "ರಟ್ಟಿಗೆ ಹೋಗೋದೂ ರದ್ದೀನೇ ಅಲ್ವಾ ಮೇಡಂ. ನೀವು ಅದನ್ನ ಕೇಳ್ಲಿಲ್ಲ" ಎಂದ. ನಾಲ್ಕು ದಿನ ಊರು ಸುತ್ತಿಸಿ ಈಗ ಕೇಳಲಿಲ್ಲ ಅಂತೆ. ಅವತ್ತೇ ಅವನ ಜೊತೆ ಮಾತು ಬಿಟ್ಟದ್ದು.

ಆ ವರ್ಷ ಹಾಗೆ ಮುಗಿಯಿತು. ಇಪ್ಪತ್ತು ವರ್ಷ ಪುಸ್ತಕ ಕೂಡಿಟ್ಟವಳು ಅಲ್ಲಿಂದ ಮುಂದೆ ಪುಸ್ತಕ ಹಾಳು ಮಾಡುವವಳಾದೆ. ಸಂಪುಟ ಯಾರ ಮನೆಯಲ್ಲಿದ್ದರೂ ಹೋಗಿ ಕೇಳಿದೆ. ಸನ್ಮಾನದಲ್ಲಿ ಹಾರದ ಜೊತೆ ಸಿಕ್ಕಿದ್ದನ್ನು ಯಾರೂ ಓದಿರಲಿಲ್ಲ, ಖುಷಿಯಿಂದ ಕೊಟ್ಟರು. ಒಬ್ಬರ ಮನೆಯಲ್ಲಿ ಅದು ಬಾಗಿಲು ಬಡಿಯದ ಹಾಗೆ ತಡೆಯುತ್ತಿತ್ತು. ಶಂಕರಘಟ್ಟದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಒಬ್ಬ ಹುಡುಗಿಗೆ ಪ್ರಬಂಧಕ್ಕೆ ಬಹುಮಾನವಾಗಿ ಅದು ಬಂದಿತ್ತಂತೆ. "ತಗೊಂಡ್ಹೋಗಿ ಆಂಟಿ, ಹಾಸ್ಟೆಲಲ್ಲಿ ಜಾಗ ಇಲ್ಲ. ಆದ್ರೆ ಒಳಗೇನಾದ್ರೂ ಸಿಕ್ಕಿದ್ರೆ ನಂಗೆ ಫೋಟೋ ಕಳಿಸ್ತೀರಾ?" ಎಂದಳು. ನಾಗರಾಜನ ಒಂಟಿ ಚಕ್ರದ ಬಸ್ಸು ಸಿಕ್ಕಿದ್ದು ಅವಳ ಪ್ರತಿಯಲ್ಲೇ. ಸಿಕ್ಕಿದ್ದನ್ನೆಲ್ಲ ಒಣಗಿಸಿ ಆಯಾ ಪುಸ್ತಕದ ಕಿಟಕಿಗೆ ಕೂರಿಸಿದೆ. ಹತ್ತೊಂಬತ್ತು ಸಿಕ್ಕಿದ್ದವು. ನನ್ನ ಕುಂಬಳಕಾಯಿ ಮೊಲ ಇನ್ನೂ ಸಿಕ್ಕಿಲ್ಲ. ಕೋಣವೂ ಸಿಕ್ಕಿರಲಿಲ್ಲ.

ಕಳೆದ ವಾರ ಕೋಟೆಯ ಓಣಿಯಲ್ಲಿ ಪರಮೇಶಿ ಕೂಗಿದ್ದಕ್ಕೆ ನಾನು ನಿಂತದ್ದು ಇದಕ್ಕೇ. ಅವನು ಒಂದು ಸಂಪುಟ ಹಿಡಿದುಕೊಂಡು ಹೊರಗೆ ಬಂದ. ಹೊಲಿಗೆ ಸೊಟ್ಟಗಾಗಿದ್ದ, ಲೆಕ್ಕಕ್ಕೆ ಬಾರದ ಪ್ರತಿ. "ಕಟಿಂಗ್ ಮಿಷಿನ್ ಎತ್ತಿದ್ವಿ ಮೇಡಂ, ಅಡೀಲಿತ್ತು. ಆಗಿಂದ ನೀವು ಈ ಕಡೆ ಬರ್ತೀರಾ ಅಂತ ನೋಡ್ತಾನೇ ಇದ್ದೆ" ಎಂದ. ಕಿತ್ತುಕೊಂಡು ಬಂದೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹಿಂದಿನ ರಟ್ಟಿನ ಮೂರನೇ ಪದರದಲ್ಲಿ ಕೋಣ ಇತ್ತು. ಮೇಣದ ಕ್ರೇಯಾನ್ ನೀರಿಗೆ ಬಗ್ಗುವುದಿಲ್ಲ, ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ಕೋಣದ ಹೊಟ್ಟೆಯೊಳಗೆ ಇಡೀ ಕಾರ್ಖಾನೆ, ಹೊಗೆ ಕೊಳವೆ, ಗೇಟು. ಗೇಟಿನ ಹತ್ತಿರ ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದ, ದೊಡ್ಡ ಬೊಟ್ಟಿನ ಒಬ್ಬಳು ಪುಟ್ಟ ಹೆಂಗಸು. ಒದ್ದೆ ಚಿತ್ರವನ್ನೇ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ.

ಏಳುಮಲೈ ಈಗ ಕೋಲು ಹಿಡಿದಿದ್ದಾರೆ. ಚಿತ್ರ ನೋಡಿದವರೇ ಪುಸ್ತಕ ತಂದು, ಕೊನೆಯ ಪುಟ ತೆರೆದು, ಕಿಟಕಿಯ ಮೇಲೆ ಚಿತ್ರ ಇಟ್ಟರು. ಕೂರಲಿಲ್ಲ, ಒಂದು ನೂಲಿನಷ್ಟು ದೊಡ್ಡದಾಗಿತ್ತು. "ನೆಂದ ಕಾಗದ ಹಿಗ್ಗುತ್ತೆ ಅಮ್ಮಾ. ಒಣಗ್ಲಿ, ಅಳತೆಗೆ ಬರುತ್ತೆ" ಎಂದರು. ಫ್ಯಾನಿನ ಕೆಳಗೆ ಹರಡಿ ನಾವಿಬ್ಬರೂ ಎದುರುಬದುರು ಕೂತೆವು. ಸೈರನ್ ನಿಂತು ಎಷ್ಟೋ ವರ್ಷವಾದ ಆ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಸದ್ದೂ ಇರಲಿಲ್ಲ.

ಒಣಗಿದ ಮೇಲೆ ಮತ್ತೆ ಇಟ್ಟರು. ಕೂತಿತು. ಕೋಣದ ಹಿಂಭಾಗದಿಂದ ಕಪ್ಪು ಗೆರೆಯೊಂದು ಹೊರಟು, ಚೌಕದ ಅಂಚಿಗೆ ಬಂದು, ಬ್ಲೇಡು ಹಾಕಿದಲ್ಲಿ ತುಂಡಾಗಿ, ಆಚೆ ಕಡೆ ಪುಟದಲ್ಲೇ ಉಳಿದಿದ್ದ ಆ ಸುರುಳಿಗೆ ಸೇರಿಕೊಂಡಿತು. ಚೆಲ್ಲಮ್ಮನ ಹೆಸರಿನ ಪಕ್ಕದ ಕಪ್ಪು ಸುರುಳಿಗೆ. ಹೆಸರು ನೀಲಿ ಪೆನ್ನಿನದು, ಸುರುಳಿ ಕ್ರೇಯಾನಿನದು. ಮೂರು ವರ್ಷದ ಹಿಂದೆ ನೋಡಿದಾಗಲೂ ಕಪ್ಪಗೇ ಕಂಡಿತ್ತು, ನನ್ನ ತಲೆಗೆ ಹೋಗಿರಲಿಲ್ಲ.

"ಕೊಂಬಲ್ಲ ಅಮ್ಮಾ ಇದು" ಎಂದರು ಏಳುಮಲೈ. "ಬಾಲ. ಚೌಕದಲ್ಲಿ ಜಾಗ ಸಾಲ್ಲಿಲ್ಲ, ಹೊರಗೆ ತಂದ್ಳು. ನೀವು ಕೊಂಬು ಜಾಸ್ತಿ ಅಂದ್ರಿ. ಅವಳು ಹೆಸರು ತಪ್ಪು ಬರೀಲಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಧ್ಯಕ್ಷರನ್ನು ಬೈಯುತ್ತಾ ತಿರುಗಿದ ಈ ಮೂರು ವರ್ಷ, ಚೆಲ್ಲಮ್ಮ ಬಾಳಿನಲ್ಲಿ ಮೊದಲ ಸಲ ಬರೆದ ಹೆಸರನ್ನು ತಪ್ಪು ಅಂತ ತಿದ್ದಿದವಳು ನಾನೇ. "ತಪ್ಪಾಯ್ತು ಏಳುಮಲೈ" ಎಂದೆ. "ನನ್ನ ಮಾತು ನಂಬಿ ಕೊಟ್ರಿ. ಎಲ್ಲಾ ನನ್ನಿಂದಲೇ ಆಗಿದ್ದು."

ಹೇಳಿ, ಅವರು ಯಾವಾಗಲೂ ಹೇಳುವ ಆ ಮಾತಿಗಾಗಿ ಕಾದೆ.

ಏಳುಮಲೈ ಎದ್ದು ನಿಂತರು. ಕೋಲು ಜಾರಿ ನೆಲಕ್ಕೆ ಬಿತ್ತು. ಆ ಮನುಷ್ಯರ ಗಂಟಲಿನಿಂದ ಅಂಥ ದನಿ ಬರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿದರು.

"ಪರವಾ ಇಲ್ಲ, ಪರವಾ ಇಲ್ಲ ಅಂದೆ ಅಲ್ಲಮ್ಮಾ ನಾನು? ಮೂರು ವರ್ಷ ಅಂದೆ!" ಅಂಗೈಯಿಂದ ಮೇಜು ಬಡಿದರು, ಪುಸ್ತಕ ಹಾರಿಬಿತ್ತು, ಕೋಣ ಮಾತ್ರ ಕಿಟಕಿಯಿಂದ ಕದಲಲಿಲ್ಲ. "ಪರವಾ ಇದೆ! ಕೇಳಿಸ್ತಾ? ಪರವಾ ಇದೆ ಅಮ್ಮಾ!"

"ಇದೆ" ಎಂದೆ.